ಡ್ಯಾಮ್ ಒಡೆದಿದೆ ಎಂಬ ಮೆಸೇಜ್ ಬಂದಾಗ: ಸುದ್ದಿ ಡೆಸ್ಕ್‌ನಲ್ಲಿ ನನ್ನ ಅನುಭವ

ಕನ್ನಡ ದಿನಪತ್ರಿಕೆಯಲ್ಲಿ ರಾತ್ರಿ ಪಾಳಿ ಮಾಡುವವರಿಗೆ ಮಳೆಗಾಲ ಅಂದರೆ ವಿಡಿಯೊಗಳ ಕಾಲ. ಕುಸಿಯುವ ಗುಡ್ಡ, ಕೊಚ್ಚಿಹೋಗುವ ಸೇತುವೆ, ಉಕ್ಕುವ ಡ್ಯಾಮ್ ಎಲ್ಲ ಬಂದು ಫೋನಿಗೆ ಬೀಳುತ್ತವೆ. ಅವುಗಳಲ್ಲಿ ಹಳೆಯವೇ ಜಾಸ್ತಿ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ತೆಗೆದ ದೃಶ್ಯಗಳು ‘ಈಗಷ್ಟೇ ಆಗಿದ್ದು’ ಎಂಬ ಒಕ್ಕಣೆ ಹೊತ್ತು ಮತ್ತೆ ಮತ್ತೆ ಬರುತ್ತವೆ.

ನಾನು ಪಾಲಿಸುವ ನಿಯಮ ಒಂದೇ. ಪೋಸ್ಟ್ ಏನಿದ್ದರೂ ಸುಳಿವು. ಅದನ್ನು ಹಿಡಿದು ಫೋನ್ ಮಾಡಬೇಕು, ಅದನ್ನೇ ಸುದ್ದಿ ಮಾಡಬಾರದು.

ಡ್ಯಾಮ್ ವಿಡಿಯೊ ಬಂದರೆ ಮೊದಲು ಗೇಟ್ ಎಣಿಸುತ್ತೇನೆ. ತುಂಗಭದ್ರಾಕ್ಕೆ 33 ಗೇಟ್, ಆಲಮಟ್ಟಿಗೆ 26. ಕೆಆರ್‌ಎಸ್‌ನ ಗರಿಷ್ಠ ಮಟ್ಟ 124.80 ಅಡಿ. ಯಾರಾದರೂ 130 ಅಡಿ ದಾಟಿದೆ ಎಂದು ಬರೆದರೆ ಅಲ್ಲಿಗೇ ಗೊತ್ತಾಗುತ್ತದೆ, ಅಲ್ವಾ? ಆಮೇಲೆ ಇಯರ್‌ಫೋನ್ ಹಾಕಿಕೊಂಡು ಹಿಂದಿನ ಮಾತು ಕೇಳುತ್ತೇನೆ. ಕೊಡಗಿನದು ಎಂದು ಬಂದ ವಿಡಿಯೊದಲ್ಲಿ ಎಲ್ಲರೂ ಮಲಯಾಳದಲ್ಲೇ ಕೂಗುತ್ತಿದ್ದರೆ ಕೇರಳದ ಕಡೆ ಹುಡುಕಬೇಕು. ಅಂಗಡಿ ಬೋರ್ಡ್, ಬೈಕ್ ನಂಬರ್ ನೋಡುತ್ತೇನೆ. ಕೆಎ 12 ಮಡಿಕೇರಿ, ಕೆಎ 35 ಹೊಸಪೇಟೆ. ಗಾಡಿಗಳು ಎಲ್ಲಿ ಬೇಕಾದರೂ ಓಡಾಡುತ್ತವೆ, ಹಾಗಾಗಿ ಒಂದು ನಂಬರ್ ನೋಡಿ ತೀರ್ಮಾನ ಮಾಡುವಂತಿಲ್ಲ. ಅಕ್ಷರಗಳು ಉಲ್ಟಾ ಕಂಡರೆ ಯಾರೋ ಬೇಕಂತಲೇ ವಿಡಿಯೊ ತಿರುಗಿಸಿರಬಹುದು ಎಂದು ಅನುಮಾನಿಸುತ್ತೇನೆ. ಒಂದೆರಡು ಕಡೆ ವಿಡಿಯೊ ನಿಲ್ಲಿಸಿ, ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿದರೆ ಹಳೆಯದು ಬಹಳ ಸಲ ಅಲ್ಲೇ ಸಿಕ್ಕಿಬೀಳುತ್ತದೆ. ಸಿಗಲಿಲ್ಲ ಅಂದ ಮಾತ್ರಕ್ಕೆ ಹೊಸದು ಅಂತ ಅಲ್ಲ.

ಇದಕ್ಕಿಂತ ಮುಖ್ಯವಾದದ್ದು ವಿಡಿಯೊ ತೆಗೆದವರನ್ನು ಹುಡುಕುವುದು. ಕಳಿಸಿದವರನ್ನು ಕೇಳಿದರೆ ‘ನನಗೂ ಬೇರೆ ಗ್ರೂಪ್‌ನಿಂದ ಬಂತು ಸರ್’ ಅನ್ನುತ್ತಾರೆ. ಯಾರಿಂದ ಬಂತು ಎಂದು ಕೇಳಿ, ಆ ನಂಬರ್ ಪಡೆದು ಹಿಂದಕ್ಕೆ ಹೋಗುತ್ತೇನೆ. ನಿಜವಾಗಿ ತೆಗೆದವರು ಸಿಕ್ಕರೆ ಗುರುತಿಸುವುದು ಕಷ್ಟವಲ್ಲ. ಅವರ ಫೋನಿನಲ್ಲಿ ಅದಕ್ಕೆ ಮೊದಲಿನದು, ಆಮೇಲಿನದು, ಕೈ ಅಲುಗಿ ಹಾಳಾದದ್ದು ಎಲ್ಲ ಇರುತ್ತದೆ. ‘ಎಲ್ಲಿ ನಿಂತಿದ್ರಿ? ಎಡಕ್ಕೆ ಏನಿತ್ತು?’ ಎಂದರೆ ತಡವರಿಸದೆ ಹೇಳುತ್ತಾರೆ. ಮೂಲ ಫೈಲನ್ನು ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ ಎಂದು ಕೇಳುತ್ತೇನೆ. ಸುಮ್ನೆ ವಿಡಿಯೊ ಆಗಿ ಕಳಿಸಿದರೆ ತೆಗೆದ ದಿನ, ಹೊತ್ತಿನ ವಿವರ ಅಳಿಸಿಹೋಗುತ್ತದೆ.

2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ನಮಗೆ ಬಂದ ಮೆಸೇಜ್‌ಗಳಲ್ಲಿ ‘ಡ್ಯಾಮ್ ಒಡೆದಿದೆ, ನದಿ ಪಕ್ಕದವರು ಊರು ಬಿಡಿ’ ಅಂತ ಇತ್ತು. ಗೇಟ್ ಹೋಗುವುದಕ್ಕೂ ಡ್ಯಾಮ್ ಒಡೆಯುವುದಕ್ಕೂ ಇರುವ ವ್ಯತ್ಯಾಸ ಕಂಪ್ಲಿ, ಗಂಗಾವತಿ ಕಡೆಯವರಿಗೆ ಬದುಕು ಸಾವಿನ ಪ್ರಶ್ನೆ. ಆ ಕತ್ತಲಲ್ಲಿ ಮಕ್ಕಳು, ಮುದುಕರು, ದನಕರು ಕಟ್ಟಿಕೊಂಡು ಓಡಿದರೆ ಆಗುವ ಅನಾಹುತಕ್ಕೆ ಯಾರು ಹೊಣೆ? ಹೊಸಪೇಟೆ ಕಡೆಯಿಂದ ಒಬ್ಬರು, ಎದುರು ದಡದ ಮುನಿರಾಬಾದ್ ಕಡೆಯಿಂದ ಇನ್ನೊಬ್ಬರು, ಹೀಗೆ ಇಬ್ಬರಿಂದ ಬೇರೆ ಬೇರೆಯಾಗಿ ಕೇಳಿದೆವು. ಆಮೇಲೆ ಎಂಜಿನಿಯರ್‌ಗಳಿಂದ ಹೊರಹರಿವಿನ ಲೆಕ್ಕ ಪಡೆದೆವು. ಒಂದು ಗೇಟ್ ಹೋಗಿದೆ, ಕಟ್ಟೆಗೆ ಏನೂ ಆಗಿಲ್ಲ, ನದಿ ಪಾತ್ರದವರು ಎಚ್ಚರದಿಂದ ಇರಬೇಕು. ಖಚಿತವಾದದ್ದು ಇಷ್ಟು, ಬರೆದದ್ದೂ ಇಷ್ಟೇ.

ಆಮೇಲಿನ ದಿನಗಳ ವಿಡಿಯೊಗಳು ಇನ್ನೂ ಕಷ್ಟ ಕೊಟ್ಟವು. ಒತ್ತಡ ತಗ್ಗಿಸಲು ಉಳಿದ ಗೇಟ್‌ಗಳನ್ನೂ ಎತ್ತಿ ನೀರು ಬಿಟ್ಟಿದ್ದರು. ಸಾಲಾಗಿ ಧುಮ್ಮಿಕ್ಕುವ ನೀರಿನ ಆ ದೃಶ್ಯ ನಿಜ, ಜಾಗ ಸರಿ, ದಿನವೂ ಸರಿ. ಆದರೆ ‘ಎಲ್ಲ ಗೇಟ್ ಕೈಕೊಟ್ಟಿವೆ’ ಎಂಬ ಒಕ್ಕಣೆ ಸುಳ್ಳು. ಹೊಸಬರಿಗೆ ನಾನು ಹೆಚ್ಚು ಒತ್ತಿ ಹೇಳುವುದು ಇದನ್ನೇ. ಚಿತ್ರ ಅಸಲಿ ಎಂದು ಗೊತ್ತಾದ ಮೇಲೂ ಅದರ ಜೊತೆಗಿರುವ ಮಾತನ್ನು ಬೇರೆಯಾಗಿ ಪರೀಕ್ಷಿಸಬೇಕು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಅವರ ನೇತೃತ್ವದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗ ಮುಚ್ಚುವ ಉಕ್ಕಿನ ತುಂಡುಗಳು) ಇಳಿಸಿ ಒಂದು ವಾರದೊಳಗೆ ನೀರು ತಡೆದರು. ನಿಜವಾದ ಸುದ್ದಿ ಅಲ್ಲಿತ್ತು.

‘ಎಲ್ಲ ಚಾನೆಲ್‌ನಲ್ಲೂ ಬರ್ತಿದೆ, ನಮ್ಮಲ್ಲೇ ಇಲ್ವಲ್ಲ’ ಎಂಬ ಒತ್ತಡ ನನಗೂ ಬರುತ್ತದೆ. ಆದರೆ ಒಂದೇ ಪೋಸ್ಟ್ ನೋಡಿ ನಾಲ್ಕು ಕಡೆ ಹಾಕಿದರೆ ಅದು ನಾಲ್ಕು ಮೂಲ ಆಗುವುದಿಲ್ಲ. ‘ವೈರಲ್ ಆಗಿದೆ, ಅದೇ ಸುದ್ದಿ’ ಎಂಬ ವಾದವನ್ನಂತೂ ನಾನು ಒಪ್ಪುವುದಿಲ್ಲ. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳ ಕಳ್ಳರೆಂಬ ಶಂಕೆಯಲ್ಲಿ ಜನ ಸೇರಿ ಅಮಾಯಕರನ್ನು ಹೊಡೆದು ಕೊಂದರು. ಆ ದಿನಗಳಲ್ಲಿ ದೇಶದ ತುಂಬ ಹರಿದಾಡಿದ ಒಂದು ವಿಡಿಯೊ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಜಾಗೃತಿಗಾಗಿ ಮಾಡಿದ್ದು. ಎತ್ತಿಕೊಂಡು ಹೋದ ಮಗುವನ್ನು ವಾಪಸ್ ತಂದು ಬಿಡುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ವಾಟ್ಸ್‌ಆ್ಯಪ್ ಭಾರತದಲ್ಲಿ ಫಾರ್ವರ್ಡನ್ನು ಐದಕ್ಕೆ ಮಿತಿಗೊಳಿಸಿದ್ದು ಈ ಸಾವುಗಳ ನಂತರವೇ. ಜನರ ಬಾಯಲ್ಲಿ ಓಡಾಡುವ ಮಾತಿಗೆ ಪತ್ರಿಕೆಯ ಹೆಸರು ಸೇರಿದರೆ ಅದಕ್ಕೆ ಬರುವ ಬಲವೇ ಬೇರೆ.

ಇಷ್ಟೆಲ್ಲ ಮಾಡಲು ದುಬಾರಿ ಸಾಫ್ಟ್‌ವೇರ್ ಬೇಕಿಲ್ಲ, ನಂಬರ್‌ಗಳು ಬೇಕು. ಮುಂಗಾರಿಗೆ ಮೊದಲು, ಮೇ ತಿಂಗಳಲ್ಲಿ ನನ್ನ ಪಟ್ಟಿಯನ್ನು ಹೊಸದು ಮಾಡಿಕೊಳ್ಳುತ್ತೇನೆ. ಪಂಚಾಯಿತಿ ಪಿಡಿಒ, ಸೇತುವೆ ಪಕ್ಕದ ಹೋಟೆಲಿನವರು, ಪೆಟ್ರೋಲ್ ಬಂಕಿನವರು, ನದಿ ದಡದಲ್ಲಿ ಪಂಪ್‌ಸೆಟ್ ಇರುವ ರೈತರು, ಆಸ್ಪತ್ರೆಯ ಆಂಬುಲೆನ್ಸ್ ಚಾಲಕರು. ವರ್ಗವಾದವರ ಜಾಗಕ್ಕೆ ಬಂದವರನ್ನು ಪರಿಚಯ ಮಾಡಿಕೊಳ್ಳುತ್ತೇನೆ. ಸುದ್ದಿ ಇಲ್ಲದ ದಿನವೂ ಒಮ್ಮೊಮ್ಮೆ ಮಾತಾಡಿಸುತ್ತಿದ್ದರೆ, ನಡುರಾತ್ರಿ ಫೋನ್ ಮಾಡಿದಾಗಲೂ ಎತ್ತುತ್ತಾರೆ.