ಗೇರ್‌ಬಾಕ್ಸಿಗೆ ಕೂಲರ್ ಹಾಕಿದ್ದು

ಗೋವಾದಿಂದ ಬೆಳಗಾವಿಗೆ ಬರುವಾಗ ಚೋರ್ಲಾ ಘಾಟ್ ಏರಿನಲ್ಲಿ ನಮ್ಮ ಹಳೇ ಆಟೋಮ್ಯಾಟಿಕ್ ಕಾರು ಗೇರ್ ಬೀಳುವಾಗ ಜರ್ಕ್ ಹೊಡೆಯುತ್ತಿತ್ತು. ಡಿಪ್‌ಸ್ಟಿಕ್ (ಆಯಿಲ್ ನೋಡುವ ಕಡ್ಡಿ) ಎಳೆದರೆ ಗೇರ್‌ಬಾಕ್ಸಿನ ಕೆಂಪು ಆಯಿಲ್ ಚಹಾದ ಬಣ್ಣಕ್ಕೆ ತಿರುಗಿತ್ತು, ಸುಟ್ಟ ವಾಸನೆ ಬೇರೆ.

ಆಯಿಲ್ ಬದಲಿಸಿ, ಎಸಿ ಕಂಡೆನ್ಸರ್ ಮುಂದೆ ಈ ಆಯಿಲ್ ತಂಪು ಮಾಡುವ ಕೂಲರ್ ನಾನೇ ಕೂಡಿಸಿದೆ. ರೇಡಿಯೇಟರಿನಿಂದ ಗೇರ್‌ಬಾಕ್ಸಿಗೆ ಆಯಿಲ್ ವಾಪಸ್ ಹೋಗುವ ಪೈಪಿನ ನಡುವೆ ಅದನ್ನು ಸೇರಿಸಬೇಕು. ಆ ಪೈಪ್ ಯಾವುದು? ಒಂದು ಪೈಪ್ ಬಿಚ್ಚಿ, ಬಾಟಲಿ ಹಿಡಿದು, ಎರಡೇ ಸೆಕೆಂಡ್ ಎಂಜಿನ್ ಚಾಲೂ ಮಾಡಿದೆ. ರೇಡಿಯೇಟರ್ ಕಡೆಯಿಂದ ಆಯಿಲ್ ಬಂತು. ಇದೇ ವಾಪಸ್ ಪೈಪ್!

ಮರುದಿನ ಅಂಗಳದಲ್ಲಿ ರೂಪಾಯಿ ಅಗಲದ ಕೆಂಪು ಕಲೆ. ಕೂಲರ್ ಸೇರಿಸಲು ಕತ್ತರಿಸಿದ ಪೈಪಿನ ತುದಿ ನುಣ್ಣಗಿತ್ತು, ಕ್ಲಾಂಪ್ ಎಷ್ಟು ಬಿಗಿದರೂ ಅದರ ಮೇಲೆ ಹಾಕಿದ ರಬ್ಬರ್ ಹೋಸ್ ಜಾರುತ್ತಿತ್ತು. ನನ್ನದೇ ಅವಸರ, ಮತ್ತೇನು! ಫ್ಲೇರಿಂಗ್ ಟೂಲ್‌ನಿಂದ ತುದಿಗೆ ಸಣ್ಣ ಉಬ್ಬು ಎಬ್ಬಿಸಿ, ಅದರ ಹಿಂದೆ ಕ್ಲಾಂಪ್ ಬಿಗಿದೆ. ಸೋರಿಕೆ ನಿಂತಿತು. ಹೊಸ ಕೂಲರ್ ತುಂಬಲು ಆಯಿಲ್ ಸ್ವಲ್ಪ ಜಾಸ್ತಿ ಬೇಕಾಯಿತು ಅಷ್ಟೇ.