ಚಾರ್ಜ್ ಆಗ್ತಿದೆ ಅಂದ್ರೆ ಕನೆಕ್ಟ್ ಆಗಿದೆ ಅಂತಲ್ಲ: ಕಾರಿನ ಸ್ಕ್ರೀನ್ ಜೊತೆ ನನ್ನ ಅನುಭವ

ನಾನು ತುಮಕೂರಿಂದ ಶಿರಾ ಕಡೆ ಒಂದು ಹೈಸ್ಕೂಲಿಗೆ ದಿನಾ ಕಾರಲ್ಲಿ ಓಡಾಡೋಳು, ವಿಜ್ಞಾನ ಟೀಚರ್. ಹೋಗ್ತಾ ಹತ್ತಿರ ಹತ್ತಿರ 50 ಕಿಲೋಮೀಟರ್, ಬರ್ತಾ ಅಷ್ಟೇ. ಕಾರಿಗೆ ಐದು ವರ್ಷ ಆಗಿದೆ, ಕಂಪನಿಯಿಂದಾನೇ ಬಂದಿರೋ 7 ಇಂಚಿನ ಸ್ಕ್ರೀನು, ವೈರ್ ಚುಚ್ಚಿದ್ರೆ ಮಾತ್ರ ಆಂಡ್ರಾಯ್ಡ್ ಆಟೋ, ಅಂದ್ರೆ ಫೋನಿನ ಮ್ಯಾಪು ಹಾಡು ಎಲ್ಲ ಕಾರಿನ ಸ್ಕ್ರೀನಲ್ಲಿ ತೋರಿಸೋ ಗೂಗಲ್ ಆಪ್, ಬರೋದು. ನಾಲ್ಕು ವರ್ಷ ಒಂದು ದಿನಾನೂ ತಕರಾರು ಮಾಡಿರ್ಲಿಲ್ಲ. ಹೋದ ವರ್ಷ ಬೇಸಿಗೆ ರಜ ಮುಗಿದ ಮೇಲೆ ಶುರುವಾಯ್ತು ನೋಡಿ, ದಾರೀಲಿ ಸಿಗೋ ಸೀಬಿ ಊರಿನ ಹತ್ರ ಹೋಗ್ತಿದ್ದಂಗೆ ಮ್ಯಾಪ್ ಮಾಯ, ಹಾಡು ಮಾಯ, ಸ್ಕ್ರೀನ್ ಮೇಲೆ ರೇಡಿಯೋ ಬಂದು ಕೂತಿರೋದು, ಎರಡು ನಿಮಿಷ ಬಿಟ್ಟು ತಾನೇ ವಾಪಸ್ ಬರೋದು. ದಿನಾ ಹೋಗೋ ದಾರಿ, ಮ್ಯಾಪ್ ಯಾಕೆ ಬೇಕು ಅಂತ ನಾನೂ ಸುಮ್ನಿದ್ದೆ.

ಸುಮ್ನಿರಬಾರದಿತ್ತು. ಅಪ್ಪನ ಕಣ್ಣಿನ ಚೆಕಪ್‌ಗೆ ಅಂತ ಬೆಂಗಳೂರಿಗೆ ಕರ್ಕೊಂಡು ಹೋಗ್ತಿದ್ದೆ, ಜಾಲಹಳ್ಳಿ ಕ್ರಾಸ್ ಹತ್ರ ಆಸ್ಪತ್ರೆ. ಕ್ಯಾತ್ಸಂದ್ರ ಟೋಲ್ ದಾಟಿ, ದಾಬಸ್‌ಪೇಟೆ, ನೆಲಮಂಗಲ ಎಲ್ಲ ಚೆನ್ನಾಗೇ ಬಂತು, ಪೀಣ್ಯ ಫ್ಲೈಓವರ್ ಶುರುವಾಗೋ ಕಡೆ ಮೇಲೆ ಹತ್ತಬೇಕಾ ಕೆಳಗಡೆ ರಸ್ತೆಲೇ ಹೋಗ್ಬೇಕಾ ಅಂತ ನೋಡೋ ಹೊತ್ತಿಗೆ ಸರಿಯಾಗಿ ಸ್ಕ್ರೀನ್ ಖಾಲಿ. ಹಿಂದಿಂದ ಲಾರಿ ಹಾರ್ನ್ ಬೇರೆ, ಮೇಲೆ ಹತ್ತಿಬಿಟ್ಟೆ, ಮೇಲೆ ಹತ್ತಿದ್ರೆ ಜಾಲಹಳ್ಳಿ ಕ್ರಾಸ್ ಕಾಲ ಕೆಳಗೆ ಹೋಗುತ್ತೆ, ಇಳಿಯೋದು ಗೊರಗುಂಟೆಪಾಳ್ಯದಲ್ಲಿ. ಅಲ್ಲಿಂದ ಯೂ ಟರ್ನ್ ಹುಡುಕಿ ಆ ಟ್ರಾಫಿಕ್ಕಲ್ಲಿ ವಾಪಸ್ ಬರೋವಷ್ಟರಲ್ಲಿ ನಮ್ಮ ಟೋಕನ್ ಹೋಗಿತ್ತು. ಅಪ್ಪ ಒಂದು ಮಾತೂ ಬೈಲಿಲ್ಲ, "ಇರ್ಲಿ ಬಿಡಮ್ಮ, ಇನ್ನೊಂದು ಟೋಕನ್ ಇಸ್ಕೊಂಡ್ರಾಯ್ತು" ಅಂದ್ರು. ಕಣ್ಣಿಗೆ ಡ್ರಾಪ್ಸ್ ಹಾಕಿಸ್ಕೊಂಡು ಮಧ್ಯಾಹ್ನದವರೆಗೂ ಬೆಂಚ್ ಮೇಲೆ ಕೂತಿದ್ರು. ಅವತ್ತೇ ಅಂದ್ಕೊಂಡೆ, ಇದನ್ನ ಸರಿ ಮಾಡ್ಲೇಬೇಕು ಅಂತ.

ಮೊದಲು ಮಾಡಿದ್ದು ಹೊಸ ಕೇಬಲ್ ತಗೊಂಡಿದ್ದು. ಬಿ.ಎಚ್. ರೋಡಲ್ಲಿ ಒಂದು ಅಂಗಡೀಲಿ 120 ರೂಪಾಯಿ ಕೊಟ್ಟೆ, ಬಟ್ಟೆ ಸುತ್ತಿದ ದಪ್ಪ ಕೇಬಲ್, ನೋಡೋಕೆ ಗಟ್ಟಿಮುಟ್ಟು. ಹಾಕಿದ್ರೆ ಚಾರ್ಜ್ ಚೆನ್ನಾಗಿ ಆಗುತ್ತೆ, ಸ್ಕ್ರೀನಲ್ಲಿ ಮಾತ್ರ ಏನೂ ಇಲ್ಲ. ಮುಂಚೆ ಬಂದು ಬಂದು ಹೋಗ್ತಿತ್ತು, ಈಗ ಬರೋದೇ ನಿಂತೋಯ್ತು! ಕಾರ್ ಸರ್ವಿಸ್‌ಗೆ ಬಿಟ್ಟಾಗ ಹೇಳಿದೆ, ಅಲ್ಲಿನ ಹುಡುಗ ಎರಡು ಸಲ ಚುಚ್ಚಿ ನೋಡಿ "ಕೇಬಲ್ ಹೊಸದು, ಚಾರ್ಜ್ ಆಗ್ತಿದೆ, ಅಂದ್ರೆ ಕೇಬಲ್ ಸರಿ ಇದೆ ಮೇಡಂ, ಸ್ಕ್ರೀನ್ ಯೂನಿಟ್ಟೇ ಹೋಗಿದೆ" ಅಂದ. ಹೊಸ ಯೂನಿಟ್‌ಗೆ 25 ಸಾವಿರ ಎಸ್ಟಿಮೇಟ್ ಬರ್ಕೊಟ್ರು. ಇನ್ನೊಂದು ಕಡೆ ಮೊಬೈಲ್ ರಿಪೇರಿಯವರು ಫೋನ್ ಪೂರ್ತಿ ರೀಸೆಟ್ ಮಾಡ್ಬೇಕು ಅಂದ್ರು. ಎರಡಕ್ಕೂ ನಾನು ಹೂಂ ಅನ್ನಲಿಲ್ಲ, ಯಾಕಂದ್ರೆ ಇಬ್ಬರೂ ಸರಿಯಾಗಿ ಒಂದು ಟೆಸ್ಟ್ ಕೂಡ ಮಾಡದೇ ಹೇಳಿದ್ದು.

ಎಂಟನೇ ಕ್ಲಾಸ್ ಮಕ್ಕಳಿಗೆ ಬಲ್ಬು, ಸೆಲ್ಲು, ವೈರ್ ಕೊಟ್ಟು ಬಲ್ಬ್ ಹತ್ತಿಲ್ಲ ಅಂದ್ರೆ ಏನ್ ಮಾಡ್ತೀರ ಅಂತ ಕೇಳ್ತೀನಿ. ಒಂದ್ಸಲಕ್ಕೆ ಒಂದೇ ವಸ್ತು ಬದಲಾಯಿಸಿ ನೋಡಿ, ಎರಡು ಒಟ್ಟಿಗೆ ಬದಲಾಯಿಸಿದ್ರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗಲ್ಲ ಅಂತ ಹೇಳ್ಕೊಡೋಳು ನಾನೇ. ಒಂದು ಭಾನುವಾರ ಬೆಳಿಗ್ಗೆ ಕಾರನ್ನ ಮನೆ ಮುಂದೆ ನೆರಳಿಗೆ ಹಾಕ್ಕೊಂಡು, ನಮ್ಮನೆಯವರ ಫೋನು, ಅವರ ಫೋನ್ ಡಬ್ಬಿಯಲ್ಲೇ ಬಂದಿದ್ದ ಕೇಬಲ್ಲು, ನನ್ನ ಫೋನು, ನನ್ನ 120 ರೂಪಾಯಿ ಕೇಬಲ್ಲು, ಒಂದು ನೋಟ್‌ಬುಕ್ ಇಟ್ಕೊಂಡು ಕೂತೆ. ಅವರ ಫೋನು ಅವರ ಕೇಬಲ್ಲು ಹಾಕಿದೆ, ಹತ್ತು ಸೆಕೆಂಡಲ್ಲಿ ಮ್ಯಾಪ್ ಬಂತು, ಅಂದ್ರೆ ಸ್ಕ್ರೀನೂ ಸರಿ ಇದೆ, ಕಾರಿನ ಯುಎಸ್‌ಬಿ ಪೋರ್ಟೂ ಸರಿ ಇದೆ, 25 ಸಾವಿರ ಅಲ್ಲೇ ಉಳೀತು. ಅದೇ ಫೋನಿಗೆ ನನ್ನ ಹೊಸ ಕೇಬಲ್ ಹಾಕಿದೆ, ಬರೀ ಚಾರ್ಜಿಂಗ್. ಆಮೇಲೆ ನನ್ನ ಫೋನಿಗೆ ಅವರ ಕೇಬಲ್, ಬಂತು, ಆದ್ರೆ ಕೇಬಲ್ಲನ್ನ ಬೆರಳಲ್ಲಿ ಸ್ವಲ್ಪ ಅಲ್ಲಾಡಿಸಿದ್ರೆ ಹೋಗುತ್ತೆ. ಅಂದ್ರೆ ಒಂದಲ್ಲ, ಎರಡು ಬೇರೆ ಬೇರೆ ತೊಂದರೆ, ಒಂದು ಹೊಸ ಕೇಬಲ್ಲಲ್ಲಿ, ಇನ್ನೊಂದು ನನ್ನ ಫೋನಲ್ಲಿ. ಎರಡೂ ಸೇರ್ಕೊಂಡಿದ್ದಕ್ಕೇ ಅಷ್ಟು ದಿನ ತಲೆ ಕೆಟ್ಟಿದ್ದು.

ಸೋಮವಾರ ಆ ಕೇಬಲ್ಲನ್ನ ಸ್ಕೂಲ್ ಲ್ಯಾಬಿಗೆ ತಗೊಂಡು ಹೋಗಿ ಮಕ್ಕಳ ಎದುರಿಗೇ ಕತ್ತರಿಸಿದೆ. ಮೇಲಿನ ಬಟ್ಟೆ, ಅದರೊಳಗೆ ರಬ್ಬರ್ ಥರದ್ದು ಒಂದು ದಪ್ಪ ಪದರ, ಅದನ್ನ ಬ್ಲೇಡಲ್ಲಿ ಸೀಳಿದ್ರೆ ಒಳಗೆ ಕೂದಲೆಳೆ ಅಷ್ಟಷ್ಟು ತಂತಿ ಇರೋ ಎರಡೇ ವೈರು, ಒಂದು ಕೆಂಪು ಒಂದು ಕಪ್ಪು. ಪಕ್ಕದಲ್ಲೇ ಪ್ರಿಂಟರಿಂದು ಒಂದು ಹಳೇ ಕೇಬಲ್ ಕತ್ತರಿಸಿ ತೋರಿಸಿದೆ, ಅದರಲ್ಲಿ ನಾಲ್ಕು, ಕೆಂಪು, ಕಪ್ಪು, ಬಿಳಿ, ಹಸಿರು, ಅದರ ಸುತ್ತ ಬೆಳ್ಳಿ ಕಾಗದದ ಥರ ಒಂದು ಹೊದಿಕೆ. ಕೆಂಪು ಕಪ್ಪು ಎರಡೂ ಕರೆಂಟಿಗೆ, 5 ವೋಲ್ಟು. ಬಿಳಿ ಹಸಿರು ಡೇಟಾಗೆ, ಫೋನು ಕಾರು ಮಾತಾಡೋದೆಲ್ಲ ಆ ಎರಡರಲ್ಲೇ. "ಮಿಸ್, ಹಂಗಾದ್ರೆ ಇದಕ್ಕೆ ಬಾಯೇ ಇಲ್ಲ" ಅಂದ್ಲು ಮುಂದಿನ ಬೆಂಚಿನ ಹುಡುಗಿ. ಸರಿಯಾಗೇ ಹೇಳಿದ್ಲು. ಚಾರ್ಜ್ ಆಗೋದನ್ನ ನೋಡಿ ಕೇಬಲ್ ಸರಿ ಇದೆ ಅಂತ ಯಾರಾದ್ರೂ ಹೇಳಿದ್ರೆ ದಯವಿಟ್ಟು ನಂಬಬೇಡಿ. ಕತ್ತರಿಸದೇನೇ ಗೊತ್ತು ಮಾಡ್ಕೋಬೇಕು ಅಂದ್ರೆ ಆ ಕೇಬಲ್ಲಲ್ಲಿ ಫೋನನ್ನ ಕಂಪ್ಯೂಟರಿಗೆ ಹಾಕಿ, ಫೈಲ್ ಟ್ರಾನ್ಸ್‌ಫರ್ ಅಂತ ಆಯ್ಕೆ ಮಾಡಿದ ಮೇಲೆ ಫೋಟೋ ಕಾಣಿಸಿದ್ರೆ ಡೇಟಾ ವೈರ್ ಇದೆ ಅಂತ ಅರ್ಥ. ತಗೊಳ್ಳುವಾಗ್ಲೂ ಡೇಟಾ ಕೇಬಲ್ ಅಂತ ಕೇಳಿ ತಗೊಳ್ಳಿ, ಒಂದು ಮೀಟರ್ ಒಳಗಿನದ್ದೇ ತಗೊಳ್ಳಿ, ಗೂಗಲ್‌ನವರೂ ಅದನ್ನೇ ಹೇಳ್ತಾರೆ. ಮಧ್ಯೆ ಎಕ್ಸ್‌ಟೆನ್ಷನ್ನು, ಯುಎಸ್‌ಬಿ ಹಬ್ಬು ಏನೂ ಬೇಡ.

ಇನ್ನು ಫೋನಿನ ಪೋರ್ಟು. ಟಾರ್ಚ್ ಬಿಟ್ಟು ನೋಡಿದ್ರೆ ಒಳಗೆ ಕಪ್ಪಗೆ ಕಾಣೋದು, ಮೊದಲು ಅದೇ ಅದರ ಬಣ್ಣ ಅಂದ್ಕೊಂಡಿದ್ದೆ. ಫೋನ್ ಸ್ವಿಚ್ ಆಫ್ ಮಾಡಿ, ಹಲ್ಲುಕಡ್ಡಿ ತುದೀನ ಬ್ಲೇಡಲ್ಲಿ ಇನ್ನೂ ತೆಳ್ಳಗೆ ಹೆರೆದು, ಗೋಡೆ ಪಕ್ಕದಿಂದ ನಿಧಾನಕ್ಕೆ ಕೆದಕಿದೆ. ಟೈಪ್ ಸಿ ಪೋರ್ಟಲ್ಲಿ ಮಧ್ಯ ಒಂದು ನಾಲಿಗೆ ಇರುತ್ತೆ, ಅದರ ಮೇಲೇ ಪಿನ್ನುಗಳಿರೋದು, ಅದನ್ನ ಮುಟ್ಟಬಾರದು, ಸೂಜಿ ಸೇಫ್ಟಿಪಿನ್ ಅಂತೂ ಒಳಗೆ ಹಾಕ್ಲೇಬಾರದು. ಮೂರನೇ ಸಲ ಕೆದಕಿದಾಗ ಒಂದು ಉಂಡೆ ಹೊರಗೆ ಬಂತು, ಬ್ಯಾಗಿನ ನೂಲು, ರೋಡ್ ಧೂಳು ಎಲ್ಲ ಸೇರಿ ಒತ್ತಿ ಒತ್ತಿ ಕಂಬಳಿ ತುಂಡಿನ ಥರ ಆಗಿತ್ತು, ಅರ್ಧ ಅಕ್ಕಿಕಾಳಷ್ಟು ಇರಬಹುದು. ಪ್ರತಿ ಸಲ ಕೇಬಲ್ ಚುಚ್ಚಿದಾಗ್ಲೂ ನಾವೇ ಅದನ್ನ ಒಳಗೆ ತಳ್ತಾ ಇರ್ತೀವಿ. ಅದಾದ ಮೇಲೆ ಕೇಬಲ್ ಹಾಕಿದ್ರೆ ಟಕ್ ಅಂತ ಶಬ್ದ, ಮುಂಚೆ ಆ ಶಬ್ದ ಬರ್ತಿರಲಿಲ್ಲ, ಉಗುರು ತೂರುವಷ್ಟು ಸಂದಿ ಇರ್ತಿತ್ತು. ಸೀಬಿ ಹತ್ರ ಸ್ಕ್ರೀನ್ ಹೋಗ್ತಿದ್ದುದೂ ಇದಕ್ಕೇ, ಅಲ್ಲಿ ಸಿಗ್ನಲ್ ಕಮ್ಮಿ ಅಂತ ನಾನು ತಿಳ್ಕೊಂಡಿದ್ದೆ, ನಿಜ ಏನಂದ್ರೆ ಅಲ್ಲಿ ರಸ್ತೇಲಿ ಕಾರು ಒಂದು ಜರ್ಕ್ ಹೊಡೀತಿತ್ತು, ಪ್ಲಗ್ ಸಡಿಲ ಆಗ್ತಿತ್ತು.

ಈ ವ್ಯತ್ಯಾಸ ಗಮನಿಸಿ, ತುಂಬಾ ಸಹಾಯ ಆಗುತ್ತೆ. ಸಿಗ್ನಲ್ ಹೋದ್ರೆ ಆಂಡ್ರಾಯ್ಡ್ ಆಟೋ ಸ್ಕ್ರೀನ್ ಹೋಗಲ್ಲ, ಮ್ಯಾಪ್ ಅಲ್ಲೇ ಇರುತ್ತೆ, ಹೊಸ ದಾರಿ ಹುಡುಕೋದು ಮಾತ್ರ ಆಗಲ್ಲ. ದೇವರಾಯನದುರ್ಗದ ಕಾಡು ದಾರೀಲಿ ನನ್ನ ಸಿಮ್‌ಗೆ ಹಾಗೇ ಆಗೋದು, ಅದಕ್ಕೆ ತುಮಕೂರು ಸುತ್ತಮುತ್ತದ ಮ್ಯಾಪನ್ನ ಮನೆ ವೈಫೈಲೇ ಆಫ್‌ಲೈನ್ ಡೌನ್‌ಲೋಡ್ ಮಾಡಿ ಇಟ್ಕೊಂಡಿದ್ದೀನಿ. ಇಡೀ ಸ್ಕ್ರೀನೇ ಹೋಗಿ ರೇಡಿಯೋ ಬಂತು ಅಂದ್ರೆ ಅದು ನೆಟ್‌ವರ್ಕ್ ಅಲ್ಲ, ಫೋನಿಗೂ ಕಾರಿಗೂ ನಡುವಿನ ವಿಷಯ.

ಎರಡು ವಾರ ಚೆನ್ನಾಗಿತ್ತು. ಆಮೇಲೆ ಮತ್ತೆ, ಆದ್ರೆ ಈ ಸಲ ಜರ್ಕ್ ಇಲ್ಲದೆ, ಸ್ವಲ್ಪ ಹೊತ್ತು ಚೆನ್ನಾಗಿ ನಡೆದು ಹೋಗೋದು. ನೋಟ್‌ಬುಕ್ ನೋಡಿದ್ರೆ ಹಾಗೆ ಹೋದ ದಿನಗಳೆಲ್ಲ ಬ್ಯಾಟರಿ ಸೇವರ್ ಆನ್ ಇದ್ದ ದಿನಗಳು. ನನ್ನ ಫೋನು ಬ್ಯಾಟರಿ ಉಳಿಸೋಕೆ ಹಿಂದೆ ಓಡ್ತಿರೋ ಆಪ್‌ಗಳನ್ನ ನಿಲ್ಲಿಸಿಬಿಡುತ್ತೆ. ಆಂಡ್ರಾಯ್ಡ್ ಆಟೋ, ಗೂಗಲ್ ಮ್ಯಾಪ್ಸ್ ಎರಡಕ್ಕೂ ಬ್ಯಾಟರಿ ಅನ್‌ರಿಸ್ಟ್ರಿಕ್ಟೆಡ್, ಅಂದ್ರೆ ತಡೆಯಿಲ್ಲ ಅಂತ ಮಾಡಿದೆ, ಅಲ್ಲಿಗೆ ಅದು ನಿಂತಿತು. ಆಂಡ್ರಾಯ್ಡ್ 10ರಿಂದ ಈಚೆಗೆ ಆಂಡ್ರಾಯ್ಡ್ ಆಟೋ ಫೋನಿನ ಒಳಗೇ ಬರುತ್ತೆ, ಐಕಾನ್ ಕಾಣಲ್ಲ, ಸೆಟ್ಟಿಂಗ್ಸಲ್ಲಿ ಮೇಲಿರೋ ಹುಡುಕೋ ಜಾಗದಲ್ಲಿ ಹೆಸರು ಟೈಪ್ ಮಾಡಿದ್ರೆ ಸಿಗುತ್ತೆ. ಅದರೊಳಗೇ ಹಿಂದೆ ಕನೆಕ್ಟ್ ಆಗಿದ್ದ ಕಾರುಗಳ ಪಟ್ಟಿ ಇರುತ್ತೆ, ಎಲ್ಲ ಕಾರನ್ನೂ ಮರೆತುಬಿಡು ಅನ್ನೋ ಆಯ್ಕೆನೂ ಇದೆ. ಫೋನಿಗೆ ದೊಡ್ಡ ಅಪ್‌ಡೇಟ್ ಬಂದು ಕನೆಕ್ಷನ್ ಕೆಟ್ಟಾಗ ನಾನು ಅದನ್ನ ಒತ್ತಿ, ಕಾರಿನ ಸ್ಕ್ರೀನಲ್ಲೂ ನನ್ನ ಫೋನಿನ ಹೆಸರು ಡಿಲೀಟ್ ಮಾಡಿ, ಮೊದಲಿಂದ ಸೇರಿಸಿದೆ, ಐದು ನಿಮಿಷದ ಕೆಲಸ. ಎರಡೂ ಕಡೆ ಅಳಿಸ್ಬೇಕು, ಒಂದೇ ಕಡೆ ಅಳಿಸಿದ್ರೆ ನನಗೆ ಸರಿ ಹೋಗ್ಲಿಲ್ಲ. ಫೋನ್ ಪೂರ್ತಿ ರೀಸೆಟ್ ಮಾಡೋ ಅಗತ್ಯ ಎಲ್ಲೂ ಬೀಳಲಿಲ್ಲ.

ಇನ್ನೊಂದು ವಿಚಿತ್ರ ಇತ್ತು, ಬೆಳಿಗ್ಗೆ ಮನೆ ಮುಂದೆ ನಿಂತಾಗ ಕಾಲ್ ಬಂದ್ರೆ ಆ ಕಡೆಯವರ ದನಿ ಕಾರಲ್ಲಿ ಬರ್ತಿರಲಿಲ್ಲ. ವೈರ್ ಹಾಕಿದ್ರೂ ಫೋನ್ ಕಾಲ್ ಹೋಗೋದು ಬ್ಲೂಟೂತಲ್ಲೇ ಅನ್ನೋದು ಆಗ ಗೊತ್ತಾಯ್ತು. ಕಾರ್ ಸ್ಟಾರ್ಟ್ ಮಾಡಿದ ತಕ್ಷಣ ಅದು ಒಳಗೆ ಕಾಫಿ ಕುಡೀತಾ ಕೂತಿರೋ ನಮ್ಮನೆಯವರ ಫೋನನ್ನ ಹಿಡ್ಕೊಳ್ತಿತ್ತು, ನಾಲ್ಕು ಗೋಡೆ ದಾಟಿ! ಕಾರಿನ ಬ್ಲೂಟೂತ್ ಪಟ್ಟೀಲಿ ಅವರ ಹೆಸರು ತೆಗೆದು ಹಾಕಿದೆ, ಸರಿ ಹೋಯ್ತು. ಅವರು ಕಾರ್ ತಗೊಂಡು ಹೋಗೋದು ಅಪರೂಪ, ಬೇಕಾದಾಗ ಮತ್ತೆ ಸೇರಿಸ್ಕೊಳ್ತಾರೆ.

ಚಿಕ್ಕಬಳ್ಳಾಪುರದಲ್ಲಿರೋ ನನ್ನ ತಮ್ಮನ ಕಾರು ವೈರ್‌ಲೆಸ್, ಅವನೂ ಫೋನ್ ಮಾಡಿ "ಅಕ್ಕಾ, ನಂದೂ ಹಂಗೇ ಆಗ್ತೈತೆ" ಅಂದ. ಅದರ ಕಥೆ ಬೇರೆ. ಅದರಲ್ಲಿ ಬ್ಲೂಟೂತ್ ಬರೀ ಗುರುತು ಹೇಳಿ ಕೈ ಹಿಡಿಸುತ್ತೆ, ಆಮೇಲೆ ಚಿತ್ರ, ಹಾಡು ಎಲ್ಲ ಹೊರೋದು ಕಾರಿನದ್ದೇ ವೈಫೈ. ಅವನು ಬ್ಯಾಟರಿ ಉಳಿಸೋಕೆ ಅಂತಲೋ ಏನೋ ವೈಫೈ ಆಫ್ ಮಾಡಿಟ್ಟಿರ್ತಿದ್ದ, ಆಫೀಸಿನ ನೆಟ್‌ವರ್ಕಿಗೆ ಸೇರಿಸೋ ವಿಪಿಎನ್ ಬೇರೆ ಸದಾ ಆನ್. ವೈಫೈ ಆನ್ ಮಾಡ್ಸಿ, ಗಾಡಿ ಹತ್ತಿದಾಗ ವಿಪಿಎನ್ ಆಫ್ ಮಾಡು ಅಂದೆ, ಅಷ್ಟರಲ್ಲೇ ಮುಗೀತು. ಅವನ ಹೆಂಡತಿ ಹತ್ರ ಐಫೋನ್ ಇದೆ, ಅದಕ್ಕೆ ಆಂಡ್ರಾಯ್ಡ್ ಆಟೋ ಬದಲು ಆಪಲ್‌ನ ಕಾರ್‌ಪ್ಲೇ, ಫೋನಲ್ಲಿ ಸಿರಿ (ಮಾತಲ್ಲಿ ಹೇಳಿದ್ದನ್ನ ಮಾಡೋ ಸಹಾಯಕಿ) ಆಫ್ ಇದ್ರೆ ಕಾರ್‌ಪ್ಲೇ ಬರಲ್ಲ, ಅದೊಂದು ನೆನಪಿರಲಿ.

ಹೋದ ತಿಂಗಳು ಅಪ್ಪನ್ನ ಮತ್ತೆ ಚೆಕಪ್‌ಗೆ ಕರ್ಕೊಂಡು ಹೋದೆ. ಹೊರಡೋ ಮುಂಚೆ ಮನೆ ಮುಂದೇನೇ ಕೇಬಲ್ ಹಾಕಿ, ಟಕ್ ಅಂದಿದ್ದು ಕೇಳ್ಕೊಂಡು, ಮ್ಯಾಪ್ ಬಂದ ಮೇಲೇ ಗೇರ್ ಹಾಕಿದ್ದು. ಓಡಿಸ್ತಾ ಓಡಿಸ್ತಾ ಕೇಬಲ್ ಮುಟ್ಟೋ ಅಭ್ಯಾಸ ಪೂರ್ತಿ ಬಿಟ್ಟಿದ್ದೀನಿ, ಹೋದ್ರೆ ಸೈಡಿಗೆ ಹಾಕಿ ನೋಡ್ತೀನಿ. ಫೋನನ್ನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲಿಗೆ ಇಡಲ್ಲ, ಕೆಳಗಿನ ಗೂಡಲ್ಲಿ ಇಡ್ತೀನಿ. ಪೀಣ್ಯದಲ್ಲಿ ಎಡಕ್ಕೆ ಕೆಳಗಿನ ರಸ್ತೆ ಅಂತ ಮ್ಯಾಪ್ ಮುಂಚೇನೇ ಹೇಳ್ತು, ಕೆಳಗಡೆನೇ ಹೋದೆ, ಒಂಬತ್ತಕ್ಕೆ ಮುಂಚೆ ಆಸ್ಪತ್ರೇಲಿದ್ವಿ, ಅಪ್ಪನದ್ದು ನಾಲ್ಕನೇ ಟೋಕನ್. ಕಾರಿನ ಪೋರ್ಟು ಮಾತ್ರ ಐದು ವರ್ಷಕ್ಕೆ ಸ್ವಲ್ಪ ಸಡಿಲ ಆಗಿದೆ, ಕೇಬಲ್ ತೂಗಾಡಿ ಎಳೀದಿರಲಿ ಅಂತ ಗೇರ್ ಪಕ್ಕ ಒಂದು ವೆಲ್ಕ್ರೋ ಪಟ್ಟಿ ಅಂಟಿಸಿ ಕಟ್ಟಿದ್ದೀನಿ, ಸದ್ಯಕ್ಕೆ ಗಟ್ಟಿಯಾಗಿ ನಿಂತಿದೆ.