ಅಮೆರಿಕದ ನಗರಗಳ ಕೊಲೆ ಲೆಕ್ಕ ಹೋಲಿಸಿದ್ದು ಹೇಗೆ: ನನ್ನ ಅನುಭವ

ಡೆಟ್ರಾಯ್ಟ್‌ನಲ್ಲಿ 1974ರಲ್ಲಿ 714 ಕೊಲೆ ಆದವು. 1987ರಲ್ಲಿ 686. ಸುಮ್ನೆ ಈ ಎರಡು ಸಂಖ್ಯೆ ನೋಡಿದರೆ ಊರು ಸ್ವಲ್ಪ ಸುಧಾರಿಸಿದೆ ಅನ್ನಿಸುತ್ತದೆ ಅಲ್ವಾ? ಆದರೆ 1970ರ ಜನಗಣತಿಯಲ್ಲಿ ಅಲ್ಲಿ 15 ಲಕ್ಷ ಜನ ಇದ್ದರು, 1990ಕ್ಕೆ 10.3 ಲಕ್ಷ ಉಳಿದಿದ್ದರು. ಕಾರ್ಖಾನೆ ಮುಚ್ಚಿದವು, ಜನ ಹೊರವಲಯಕ್ಕೆ ಹೋದರು. ಆಯಾ ವರ್ಷದ ಜನಸಂಖ್ಯೆಯಿಂದ ಭಾಗಿಸಿದರೆ 1974ರಲ್ಲಿ ಲಕ್ಷ ಜನಕ್ಕೆ ಸುಮಾರು 51 ಕೊಲೆ, 1987ರಲ್ಲಿ ಸುಮಾರು 63. ಕೊಲೆಗಳು ಕಮ್ಮಿಯಾದವು, ಅಲ್ಲೇ ಉಳಿದವರಿಗೆ ಅಪಾಯ ಜಾಸ್ತಿಯಾಯಿತು.

ಈ ಲೆಕ್ಕಕ್ಕೆ ನಾನು ಕೂತಿದ್ದು ಒಂದು ಸಾದಾ ಪ್ರಶ್ನೆಯಿಂದ. ಅಕ್ಕನ ಮಗಳಿಗೆ ಚಿಕಾಗೊದಲ್ಲಿ ಎಂ.ಎಸ್. ಸೀಟು ಸಿಕ್ಕಿತ್ತು. "ಅಲ್ಲಿ ದಿನಾ ಕೊಲೆ ಆಗುತ್ತಂತೆ, ನ್ಯೂಯಾರ್ಕ್ ವಾಸಿ ಅಂತಾರೆ, ನಿಜಾನಾ?" ಅಂತ ಅಕ್ಕ ಕೇಳಿದರು. ನನ್ನ ಹೊಟ್ಟೆಪಾಡೇ ಅಂಕಿಅಂಶ. ಒಂದು ಸಂಜೆ ಸಾಕು ಅಂದುಕೊಂಡು ಎಕ್ಸೆಲ್ ತೆರೆದೆ. ಆಮೇಲೆ ಅದೇ ಒಂದು ಗೀಳಾಯಿತು.

ಮೊದಲು ಕೊಲೆಗಳ ಸಂಖ್ಯೆ. ಅಮೆರಿಕದಲ್ಲಿ ಇದಕ್ಕೆ ಎರಡು ದೊಡ್ಡ ಮೂಲಗಳಿವೆ. ಒಂದು ಎಫ್‌ಬಿಐ. 1930ರಿಂದ ಊರೂರಿನ ಪೊಲೀಸ್ ಇಲಾಖೆಗಳ ಲೆಕ್ಕವನ್ನು ಅದು ಒಟ್ಟುಗೂಡಿಸುತ್ತಾ ಬಂದಿದೆ. ಇನ್ನೊಂದು ಸಿಡಿಸಿ, ಅಂದರೆ ಆರೋಗ್ಯ ಇಲಾಖೆಯ ಲೆಕ್ಕ. ಅದು ಮರಣ ಪ್ರಮಾಣಪತ್ರಗಳಿಂದ ಬರುವಂಥದ್ದು. ಎಫ್‌ಬಿಐ ಲೆಕ್ಕದಲ್ಲಿ ಬೇಕಂತಲೇ ಮಾಡಿದ ಕೊಲೆಗಳು ಮಾತ್ರ ಇರುತ್ತವೆ. ಆತ್ಮರಕ್ಷಣೆಗೆ ಹೊಡೆದದ್ದು, ನಿರ್ಲಕ್ಷ್ಯದಿಂದ ಆದ ಸಾವು ಅದರಲ್ಲಿ ಬರುವುದಿಲ್ಲ. ಸಿಡಿಸಿಗೆ ಕಾನೂನಿನ ಈ ವಿಂಗಡಣೆ ಬೇಕಿಲ್ಲ. ಇನ್ನೊಬ್ಬರು ಬೇಕಂತಲೇ ಮಾಡಿದ ಗಾಯದಿಂದ ಸತ್ತರೆ ಅದು ಕೊಲೆ, ಅಷ್ಟೆ. ಹಾಗಾಗಿ ಅದರ ಸಂಖ್ಯೆ ಸಾಮಾನ್ಯವಾಗಿ ಸ್ವಲ್ಪ ಜಾಸ್ತಿ. ಜೊತೆಗೆ ಅದು ಊರಿನ ಲೆಕ್ಕ ಕೊಡುವುದಿಲ್ಲ, ಕೌಂಟಿ (ನಮ್ಮ ಜಿಲ್ಲೆಯ ಹಾಗೆ) ಲೆಕ್ಕ ಕೊಡುತ್ತದೆ. ಫಿಲಡೆಲ್ಫಿಯಾ, ಬಾಲ್ಟಿಮೋರ್, ಸೇಂಟ್ ಲೂಯಿಸ್‌ಗೆ ತೊಂದರೆ ಇಲ್ಲ, ಅಲ್ಲಿ ಊರೇ ಒಂದು ಕೌಂಟಿ ಇದ್ದ ಹಾಗೆ. ನ್ಯೂಯಾರ್ಕ್‌ಗೆ ಐದು ಕೌಂಟಿ ಕೂಡಿಸಬೇಕು. ಚಿಕಾಗೊ ಮಾತ್ರ ಕುಕ್ ಕೌಂಟಿಯ ಒಳಗೆ ಅರ್ಧದಷ್ಟು ಜನ ಇರುವ ಊರು. ಅಲ್ಲಿ ಈ ಲೆಕ್ಕ ನೇರವಾಗಿ ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ನಾನು ಪೊಲೀಸ್ ಲೆಕ್ಕವನ್ನೇ ಮುಖ್ಯವಾಗಿ ಇಟ್ಟುಕೊಂಡೆ. ಸಿಡಿಸಿ ಲೆಕ್ಕವನ್ನು ತಾಳೆ ನೋಡಲು ಬಳಸಿದೆ.

ಪೊಲೀಸ್ ಲೆಕ್ಕದಲ್ಲೂ ಒಂದೇ ಸಂಖ್ಯೆ ಸಿಗುವುದಿಲ್ಲ. 1990 ನ್ಯೂಯಾರ್ಕ್‌ನ ಅತಿ ಕೆಟ್ಟ ವರ್ಷ. ಅದಕ್ಕೆ ಒಂದು ಕಡೆ 2,245 ಅಂತ ಇದೆ, ಇನ್ನೊಂದು ಕಡೆ 2,262. ಚಿಕಾಗೊದ 1992ಕ್ಕೆ 943 ಮತ್ತು 939. ಯಾವತ್ತೋ ಗುಂಡೇಟು ತಿಂದವರು ವರ್ಷಗಳ ನಂತರ ತೀರಿಕೊಂಡರೆ ಅದನ್ನು ಯಾವ ವರ್ಷಕ್ಕೆ ಬರೆಯಬೇಕು ಅನ್ನುವುದರಿಂದ ಹಿಡಿದು ಕೇಸಿನ ವಿಧ ಬದಲಾಗುವವರೆಗೆ ಇದಕ್ಕೆ ಹಲವು ಕಾರಣ. ಚಿಕಾಗೊದಲ್ಲಿ ಇನ್ನೊಂದು ವಿಚಿತ್ರ. ಊರೊಳಗೇ ಹಾದುಹೋಗುವ ಎಕ್ಸ್‌ಪ್ರೆಸ್‌ವೇ ರಸ್ತೆಗಳು ರಾಜ್ಯ ಪೊಲೀಸರ ಸುಪರ್ದಿ. ಅಲ್ಲಿ ಆದ ಕೊಲೆ ಚಿಕಾಗೊ ಪೊಲೀಸರ ಒಟ್ಟಿನಲ್ಲಿ ಸೇರುವುದಿಲ್ಲ. ಮೆಂಫಿಸ್ ಪೊಲೀಸರು ಎಲ್ಲ ಹತ್ಯೆಗಳಿಗೆ ಒಂದು ಸಂಖ್ಯೆ, ಕಾನೂನಿನ ಪ್ರಕಾರ ಕೊಲೆ ಅನ್ನಿಸಿಕೊಂಡದ್ದಕ್ಕೆ ಇನ್ನೊಂದು ಸಂಖ್ಯೆ ಹೇಳುತ್ತಾರೆ. ಪತ್ರಿಕೆಯವರು ಕೈಗೆ ಸಿಕ್ಕಿದ್ದನ್ನು ಬರೆಯುತ್ತಾರೆ.

ಇಷ್ಟೆಲ್ಲ ಹೇಳಿದರೂ, ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ ಅಂತಲೇ ಹೇಳುತ್ತೇನೆ. 2,245ಕ್ಕೂ 2,262ಕ್ಕೂ ಇರುವ ವ್ಯತ್ಯಾಸ ನೂರಕ್ಕೆ ಒಂದೂ ಇಲ್ಲ. ಒಂದು ಊರಿಗೆ ಒಂದು ಮೂಲ ಹಿಡಿದು, ಕೊನೆಯವರೆಗೂ ಅದನ್ನೇ ಬಳಸಿದರೆ ಸಾಕು. ಹಾಳೆಯಲ್ಲಿ 'ಎಲ್ಲಿಂದ' ಅಂತ ಒಂದು ಕಾಲಂ ಬೇಕೇ ಬೇಕು.

ಒಂದು ಮೂಲ ಹಿಡಿಯುವುದೂ 2021ರಲ್ಲಿ ಆಗುವುದಿಲ್ಲ. ಆ ವರ್ಷ ಎಫ್‌ಬಿಐ ಹಳೆಯ ವರದಿ ಪದ್ಧತಿ ನಿಲ್ಲಿಸಿ ಹೊಸದಕ್ಕೆ ಹೋಯಿತು. ನ್ಯೂಯಾರ್ಕ್, ಲಾಸ್ ಏಂಜಲೀಸ್‌ನಂಥ ಇಲಾಖೆಗಳೇ ಆ ಪದ್ಧತಿಗೆ ಇನ್ನೂ ಸಿದ್ಧವಾಗಿರಲಿಲ್ಲ. ದೇಶದ ಎರಡು ಅತಿ ದೊಡ್ಡ ಊರುಗಳ ಲೆಕ್ಕವೇ ಇಲ್ಲ! ಆ ಖಾಲಿ ಜಾಗಗಳನ್ನು ಆಯಾ ಊರಿನ ಪೊಲೀಸರು ತಾವೇ ಪ್ರಕಟಿಸುವ ಅಂಕಿಗಳಿಂದ ತುಂಬಿಸಿದೆ. ತುಂಬಿಸಿದ ಕಡೆಯೆಲ್ಲ ಹಳದಿ ಬಣ್ಣ ಹಚ್ಚಿಟ್ಟೆ.

ಇನ್ನು ಕೆಲವು ವರ್ಷಗಳ ಪಕ್ಕ ಷರಾ ಬರೆಯಲೇಬೇಕು. 2001ರಲ್ಲಿ ನ್ಯೂಯಾರ್ಕ್‌ನ ಕೊಲೆ ಸಂಖ್ಯೆ 649. ಸೆಪ್ಟೆಂಬರ್ 11ರಂದು ಸತ್ತವರು ಅದರಲ್ಲಿ ಇಲ್ಲ, ಎಫ್‌ಬಿಐ ಅವರನ್ನು ಬೇರೆ ಇಟ್ಟಿತು. ಆದರೆ 1995ರ ಓಕ್ಲಹೋಮ ಸಿಟಿ ಬಾಂಬ್ ಸ್ಫೋಟದಲ್ಲಿ ಸತ್ತ 168 ಜನ ಆ ವರ್ಷದ ಕೊಲೆ ಲೆಕ್ಕದಲ್ಲಿ ಸೇರಿದ್ದಾರೆ. ಷರಾ ಇಲ್ಲದೆ ಗ್ರಾಫ್ ನೋಡಿದವರು ಓಕ್ಲಹೋಮದಲ್ಲಿ ಆ ವರ್ಷ ಏನೋ ಗ್ಯಾಂಗ್ ವಾರ್ ನಡೆದಿರಬೇಕು ಅಂದುಕೊಳ್ಳುತ್ತಾರೆ.

ನನ್ನ ಸಮಯ ತಿಂದಿದ್ದು ಕೊಲೆ ಲೆಕ್ಕ ಅಲ್ಲ, ಜನರ ಲೆಕ್ಕ. ಪೂರ್ತಿ ಎಣಿಕೆ ಹತ್ತು ವರ್ಷಕ್ಕೊಮ್ಮೆ. ಹಳೆಯ ವರ್ಷಗಳಿಗೆ ಎರಡು ಜನಗಣತಿಗಳ ನಡುವೆ ನೇರ ಗೆರೆ ಎಳೆದು ಅಂದಾಜು ಮಾಡಿದೆ. ಈಚಿನ ವರ್ಷಗಳಿಗೆ ಜನಗಣತಿ ಇಲಾಖೆಯ ವಾರ್ಷಿಕ ಅಂದಾಜು ಬಳಸಿದೆ. ಸಾಮಾನ್ಯವಾಗಿ ಇದು ನಡೆಯುತ್ತದೆ. ನ್ಯೂ ಆರ್ಲಿಯನ್ಸ್‌ನಲ್ಲಿ ನಡೆಯುವುದಿಲ್ಲ. 2005ರ ಆಗಸ್ಟ್‌ನಲ್ಲಿ ಕತ್ರೀನಾ ಚಂಡಮಾರುತ ಬಂದು ಇಡೀ ಊರು ಖಾಲಿಯಾಯಿತು. 2007ರಲ್ಲಿ ಅಲ್ಲಿ 209 ಕೊಲೆ. ಎಷ್ಟು ಜನ ವಾಪಸ್ ಬಂದಿದ್ದರು? ಎಫ್‌ಬಿಐ ಹಿಡಿದದ್ದು 2.2 ಲಕ್ಷ. ಆ ಲೆಕ್ಕಕ್ಕೆ ದರ, ಅಂದರೆ ಲಕ್ಷ ಜನಕ್ಕೆ ಆದ ಕೊಲೆ, 95 ಆಗುತ್ತದೆ. ಮುಂದೆ ಜನಗಣತಿ ಇಲಾಖೆ ಆ ವರ್ಷದ ಅಂದಾಜನ್ನು 2.88 ಲಕ್ಷಕ್ಕೆ ಏರಿಸಿತು. ಆಗ ದರ 73ಕ್ಕೂ ಕಮ್ಮಿ. ಸತ್ತವರು ಅಷ್ಟೇ ಜನ, ಶವಾಗಾರದ ಪುಸ್ತಕ ಬದಲಾಗಿಲ್ಲ. ಭಾಗಿಸುವ ಸಂಖ್ಯೆ ಒಂದೇ ಬದಲಾದದ್ದು.

ಇದನ್ನು ನೋಡಿ ನಗುವ ಹಾಗೂ ಇಲ್ಲ. ನಮ್ಮ ಎನ್‌ಸಿಆರ್‌ಬಿ (ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ) 2022ರ ವರದಿಯಲ್ಲೂ ಬೆಂಗಳೂರಿನ ಅಪರಾಧ ದರ ಕಟ್ಟಿದ್ದು 2011ರ ಜನಗಣತಿಯ ಸುಮಾರು 85 ಲಕ್ಷದ ಮೇಲೆ.

ಡೆಟ್ರಾಯ್ಟ್‌ದು ಇದಕ್ಕೆ ಉಲ್ಟಾ ಪಾಠ. 2023ರಲ್ಲಿ ಅಲ್ಲಿ 252 ಕೊಲೆ, 1966ರ ನಂತರ ಅತಿ ಕಮ್ಮಿ ಅಂತ ದೊಡ್ಡ ಸುದ್ದಿಯಾಯಿತು. ಸುದ್ದಿ ಸುಳ್ಳಲ್ಲ. ಆದರೆ 1966ರಲ್ಲಿ ಅಲ್ಲಿ ಸುಮಾರು 15.7 ಲಕ್ಷ ಜನ ಇದ್ದರು. ಆಗ ಹೆಚ್ಚೆಂದರೆ ಇಷ್ಟೇ ಕೊಲೆ ಆಗಿದ್ದವು ಅಂತ ಇಟ್ಟುಕೊಂಡರೂ ದರ 16 ದಾಟುವುದಿಲ್ಲ. 2023ರಲ್ಲಿ ಜನ 6.33 ಲಕ್ಷ, ದರ 40ರ ಹತ್ತಿರ. 'ಅರವತ್ತರ ದಶಕದ ಮಟ್ಟಕ್ಕೆ ಇಳಿದಿದೆ' ಅನ್ನುವ ಮಾತು ಒಟ್ಟು ಸಂಖ್ಯೆಗೆ ಸರಿ, ಅಪಾಯಕ್ಕೆ ಅನ್ವಯಿಸುವುದಿಲ್ಲ. ಹಾಗಂತ ಇಳಿಕೆಯನ್ನು ಕಡೆಗಣಿಸಬೇಕಿಲ್ಲ, 1987ರ 63ರಿಂದ 40 ಅಂದರೆ ಸಣ್ಣದಲ್ಲ. ಬಾಲ್ಟಿಮೋರ್‌ನಲ್ಲೂ ಇದೇ ಆಟ. 1993ರಲ್ಲಿ 353, 2015ರಲ್ಲಿ 344. ಒಟ್ಟು ಸಂಖ್ಯೆ ಕೊಂಚ ಇಳಿದಿದೆ, ದರ 50ರ ಆಸುಪಾಸಿನಿಂದ 55ಕ್ಕೆ ಏರಿದೆ.

ಒಟ್ಟು ಸಂಖ್ಯೆ ಯಾವಾಗಲೂ ಮೋಸ ಮಾಡುತ್ತದೆ ಅಂತಲ್ಲ. ಫಿಲಡೆಲ್ಫಿಯಾದಲ್ಲಿ 1990ರಲ್ಲಿ 15.9 ಲಕ್ಷ ಜನ, 2020ರಲ್ಲಿ 16 ಲಕ್ಷ. ಅಲ್ಲಿ 1990ರ 500 ಕೊಲೆಗಳ ದಾಖಲೆಯನ್ನು 2021ರ 562 ಮುರಿಯಿತು ಅಂದರೆ ನೇರವಾಗಿ ಹಾಗೇ ಓದಬಹುದು. 2024ಕ್ಕೆ ಅದು 269ಕ್ಕೆ ಬಂತು, ಅದನ್ನೂ ಹಾಗೇ ಓದಬಹುದು. ಜನಸಂಖ್ಯೆ ಅಲ್ಲಾಡದ ಊರಲ್ಲಿ ಭಾಗಾಕಾರ ಬರೀ ಶಾಸ್ತ್ರಕ್ಕೆ.

ಇನ್ನು ಊರು ಊರುಗಳ ನಡುವಿನ ಹೋಲಿಕೆ. 2020ರಲ್ಲಿ ನ್ಯೂಯಾರ್ಕ್‌ನಲ್ಲಿ 468 ಕೊಲೆ, ಸೇಂಟ್ ಲೂಯಿಸ್‌ನಲ್ಲಿ 263. ನ್ಯೂಯಾರ್ಕ್‌ನಲ್ಲಿ 88 ಲಕ್ಷ ಜನ, ಸೇಂಟ್ ಲೂಯಿಸ್‌ನಲ್ಲಿ 3 ಲಕ್ಷ. ದರ 5.3 ಮತ್ತು 87. ಇಲ್ಲಿಗೆ ನಿಲ್ಲಿಸಿದರೆ ಸೇಂಟ್ ಲೂಯಿಸ್ ನರಕ ಅನ್ನಿಸುತ್ತದೆ. ಆದರೆ ಆ ಊರು 1876ರಲ್ಲೇ ತನ್ನ ಕೌಂಟಿಯಿಂದ ಬೇರೆಯಾಗಿ ಗಡಿ ಹಾಕಿಕೊಂಡು ಕೂತಿತು. ಆ ಗಡಿ ಅಲ್ಲೇ ಉಳಿಯಿತು, ಒಳಗಿರುವುದು ಸುಮಾರು 160 ಚದರ ಕಿ.ಮೀ. ಸುತ್ತಲಿನ ಕೌಂಟಿಯ 10 ಲಕ್ಷ ಜನ ದಿನಾ ಅದೇ ಊರಿನ ಹೆಸರು ಹೇಳಿಕೊಂಡು ಬದುಕುತ್ತಾರೆ, ಭಾಗಾಕಾರದಲ್ಲಿ ಮಾತ್ರ ಅವರಿಲ್ಲ. ಇನ್ನೊಂದು ಕಡೆ ಫ್ಲೋರಿಡಾದ ಜಾಕ್ಸನ್‌ವಿಲ್ 1968ರಲ್ಲಿ ತನ್ನ ಕೌಂಟಿಯ ಜೊತೆ ಒಂದಾಯಿತು. ಅದರ ವಿಸ್ತಾರ 1,900 ಚದರ ಕಿ.ಮೀ ದಾಟುತ್ತದೆ. ಒಂದರಲ್ಲಿ ನಗರದ ನಡುಭಾಗ ಮಾತ್ರ ಇದೆ, ಇನ್ನೊಂದರಲ್ಲಿ ಹೊರವಲಯದ ನೆಮ್ಮದಿಯ ಬಡಾವಣೆಗಳೂ ಇವೆ. ಇವೆರಡನ್ನೂ ಒಂದೇ ಪಟ್ಟಿಗೆ ಹಾಕಿ ನಂಬರ್ ಕೊಡುವುದು ನನಗೆ ಸರಿ ಕಾಣಲಿಲ್ಲ. ಇಂಥ ರ್ಯಾಂಕಿಂಗ್ ಮಾಡಬೇಡಿ ಅಂತ ಎಫ್‌ಬಿಐಯೇ ಹೇಳುತ್ತದೆ. ಕೇಳುವವರು ಯಾರು?

ಪಟ್ಟಿಗೆ ಯಾರನ್ನು ಸೇರಿಸಬೇಕು ಅನ್ನುವುದರಲ್ಲೂ ಕೈಚಳಕ ಇದೆ. 'ದೊಡ್ಡ ಊರು' ಅಂದರೆ 2.5 ಲಕ್ಷ ಜನ ಅಂತ ಹಿಡಿದರೆ ಸೇಂಟ್ ಲೂಯಿಸ್, ನ್ಯೂ ಆರ್ಲಿಯನ್ಸ್ ಮೇಲೆ ಬರುತ್ತವೆ. 5 ಲಕ್ಷ ಅಂದರೆ ಎರಡೂ ಮಾಯ, ಬಾಲ್ಟಿಮೋರ್, ಮೆಂಫಿಸ್, ಡೆಟ್ರಾಯ್ಟ್ ಮುಂದೆ ಬರುತ್ತವೆ. 10 ಲಕ್ಷ ಅಂದರೆ ಫಿಲಡೆಲ್ಫಿಯಾ, ಚಿಕಾಗೊ. ಒಟ್ಟು ಸಂಖ್ಯೆ ಹಿಡಿದರೆ ಎಷ್ಟೋ ವರ್ಷ ಚಿಕಾಗೊ ಒಂದೇ ಎಲ್ಲರಿಗಿಂತ ಮೇಲೆ. ಟಿವಿಗೆ ಬೇಕಾದದ್ದು ಅದೇ.

ಹಾಗಾಗಿ ಪ್ರತಿ ಊರನ್ನೂ ಅದರ ಹಿಂದಿನ ವರ್ಷಗಳ ಜೊತೆಗೇ ಹೋಲಿಸಲು ತೀರ್ಮಾನಿಸಿದೆ. ಒಂದೇ ಗ್ರಾಫಿನಲ್ಲಿ ಹತ್ತಾರು ಗೆರೆ ಎಳೆದರೆ ಏನೂ ಕಾಣುವುದಿಲ್ಲ. ಊರಿಗೊಂದು ಸಣ್ಣ ಚೌಕ, ಅಕ್ಷ ಸೊನ್ನೆಯಿಂದ ಶುರು, ಹಿಂದೆ ಬೂದು ಬಣ್ಣದಲ್ಲಿ ಇಡೀ ದೇಶದ ಗೆರೆ. ಸಣ್ಣ ಊರುಗಳಿಗೆ ಮೂರು ವರ್ಷದ ಸರಾಸರಿ. ವರ್ಷಕ್ಕೆ 200 ಕೊಲೆ ಆಗುವ 3 ಲಕ್ಷದ ಊರಲ್ಲಿ ಬರೀ ಆಕಸ್ಮಿಕದಿಂದಲೇ ದರ ಎಂಟೊಂಬತ್ತು ಅಂಶ ಹೆಚ್ಚುಕಮ್ಮಿ ಆಗಬಹುದು. ನ್ಯೂಯಾರ್ಕ್‌ನಲ್ಲಿ ಅದು ಅರ್ಧ ಅಂಶದ ಮಾತು.

ಬೂದು ಗೆರೆ ಹಾಕಿದ್ದರಿಂದ ಅಂದುಕೊಳ್ಳದ ಒಂದು ಲಾಭ ಆಯಿತು. ದೇಶದ ದರ 1991ರಲ್ಲಿ 9.8 ಇತ್ತು, 2014ರ ಹೊತ್ತಿಗೆ ಅರ್ಧಕ್ಕಿಂತ ಕೆಳಗೆ ಬಂದಿತ್ತು. ನ್ಯೂಯಾರ್ಕ್ 2017ರಲ್ಲಿ 292ಕ್ಕೆ, ಲಾಸ್ ಏಂಜಲೀಸ್ 1992ರ 1,092ರಿಂದ 2013ರಲ್ಲಿ 251ಕ್ಕೆ ಇಳಿದವು. 2020ರಲ್ಲಿ ಇಡೀ ದೇಶದಲ್ಲಿ ಒಂದೇ ವರ್ಷಕ್ಕೆ ಶೇ. 30ರ ಹತ್ತಿರ ಏರಿಕೆ. ಆಮೇಲೆ ಮತ್ತೆ ಹೆಚ್ಚಿನ ಕಡೆ ಇಳಿಕೆ. ಎಲ್ಲ ಗೆರೆಗಳೂ ಒಟ್ಟಿಗೆ ಇಳಿಯುವಾಗ ಪ್ರತಿ ಊರಿನ ಮೇಯರ್, ಪೊಲೀಸ್ ಮುಖ್ಯಸ್ಥರು ಅದು ತಮ್ಮ ಕೆಲಸ ಅನ್ನುತ್ತಾರೆ. ನ್ಯೂಯಾರ್ಕ್‌ನಲ್ಲಿ 1994ರಲ್ಲಿ ಶುರುವಾದ ಕಾಂಪ್‌ಸ್ಟಾಟ್ ಪದ್ಧತಿಗೆ, ಅಂದರೆ ಅಪರಾಧದ ಅಂಕಿಅಂಶ ಮುಂದಿಟ್ಟು ಪೊಲೀಸ್ ಅಧಿಕಾರಿಗಳಿಂದ ಲೆಕ್ಕ ಕೇಳುವ ಕ್ರಮಕ್ಕೆ, ಎಷ್ಟು ಹೊಗಳಿಕೆ! ಅದೇ ಕಾಲದಲ್ಲಿ ಬೇರೆ ದಾರಿ ಹಿಡಿದಿದ್ದ ಸ್ಯಾನ್ ಡಿಯೇಗೊದಲ್ಲೂ ಕೊಲೆಗಳು ಜೋರಾಗಿಯೇ ಇಳಿದವು. ನನ್ನ ಪ್ರಕಾರ ಬೂದು ಗೆರೆಗಿಂತ ಎಷ್ಟು ಜಾಸ್ತಿ ಇಳಿದಿದೆ ಅನ್ನುವುದಷ್ಟೇ ಊರಿನವರ ಪಾಲು. ನ್ಯೂಯಾರ್ಕ್‌ದು ಆ ಲೆಕ್ಕದಲ್ಲೂ ದೊಡ್ಡದೇ, ಅದನ್ನು ಒಪ್ಪಲೇಬೇಕು.

ಅಕ್ಕನ ಪ್ರಶ್ನೆಗೆ ಮಾತ್ರ ಈ ಚೌಕಗಳು ಉತ್ತರ ಕೊಡಲಿಲ್ಲ. ಇಡೀ ಚಿಕಾಗೊದ ದರ ಅಲ್ಲಿ ಒಂದು ರೂಮು ಹುಡುಕುವವರಿಗೆ ಏನೂ ಹೇಳುವುದಿಲ್ಲ. ಚಿಕಾಗೊ ನಗರಾಡಳಿತ 2001ರಿಂದ ಈಚಿನ ಪ್ರತಿ ಅಪರಾಧವನ್ನೂ ಆನ್‌ಲೈನ್‌ನಲ್ಲಿ ಇಟ್ಟಿದೆ, ಯಾವ ಬ್ಲಾಕ್ ಅಂತಲೂ ಇದೆ. ಊರನ್ನು 77 ಪ್ರದೇಶಗಳಾಗಿ ವಿಂಗಡಿಸಿದ್ದಾರೆ. ಪಶ್ಚಿಮದ ವೆಸ್ಟ್ ಗಾರ್ಫೀಲ್ಡ್ ಪಾರ್ಕ್‌ನಲ್ಲಿ ಕೆಲವು ವರ್ಷ ದರ ನೂರು ದಾಟುತ್ತದೆ, ಕೆರೆದಂಡೆಯ ಲಿಂಕನ್ ಪಾರ್ಕ್‌ನಲ್ಲಿ ಕೊಲೆಯೇ ಅಪರೂಪ. ಹತ್ತಿಪ್ಪತ್ತು ಸಾವಿರ ಜನರ ಪ್ರದೇಶಕ್ಕೆ ಒಂದು ವರ್ಷದ ದರ ಹಿಡಿಯುವುದು ಅರ್ಥವಿಲ್ಲದ ಕೆಲಸ. ಐದು ವರ್ಷದ ಕೊಲೆ ಕೂಡಿಸಿ, ಐದು ವರ್ಷದ ಜನಸಂಖ್ಯೆ ಕೂಡಿಸಿ, ಆಮೇಲೆ ಭಾಗಿಸಿದೆ. ಹುಡುಗಿ ನೋಡಿಟ್ಟಿದ್ದ ಮೂರು ವಿಳಾಸಗಳ ಪಕ್ಕ ಆ ಸಂಖ್ಯೆ ಬರೆದು ಅಕ್ಕನಿಗೆ ವಾಟ್ಸಾಪ್ ಮಾಡಿದೆ.